ಮೂಗುದಾರ ಹಾಕಬೇಕಾದ್ದು ಆ್ಯಪ್‌ಗೆ

ಹದಿನಾರು ತುಂಬದ ಮಕ್ಕಳಿಗೆ ಸಾಮಾಜಿಕ ಜಾಲತಾಣವೇ ಬೇಡ ಎಂಬ ಕೂಗಿಗೆ ದಿನೇದಿನೇ ಬಲ ಬರುತ್ತಿದೆ. 2023ರ ಸೆಪ್ಟೆಂಬರ್‌ನಲ್ಲಿ ಎಕ್ಸ್ ಕಂಪನಿಯ ಮೇಲ್ಮನವಿ ಕೇಳುತ್ತಿದ್ದ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ, ಮದ್ಯಕ್ಕಿರುವಂತೆ ಜಾಲತಾಣಕ್ಕೂ ವಯಸ್ಸಿನ ಮಿತಿ ಬೇಕೆಂದು ಮೌಖಿಕವಾಗಿ ಹೇಳಿತ್ತು. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ ಅಂಥ ನಿಷೇಧ ಜಾರಿಗೆ ಬಂದಿದೆ. ಅದನ್ನೇ ತಂದು ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಯ ಹಳ್ಳಿಮನೆಗಳಲ್ಲಿಟ್ಟು ನೋಡಿ. ಸಿಮ್ ಅಪ್ಪನ ಹೆಸರಿನಲ್ಲಿ, ಖಾತೆ ಅಣ್ಣನ ಹೆಸರಿನಲ್ಲಿ, ರಾತ್ರಿ ಹೊತ್ತು ಫೋನ್ ಮಗಳ ಕೈಯಲ್ಲಿ. ಇವರಲ್ಲಿ ಯಾರ ವಯಸ್ಸನ್ನು ಪರಿಶೀಲಿಸುವುದು? ಗ್ರಾಮೀಣ ಭಾರತದ ಮಕ್ಕಳ ಕುರಿತ 2024ರ ಅಸರ್ ವರದಿಯ ಪ್ರಕಾರ, 14ರಿಂದ 16 ವರ್ಷದವರಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಾಗೆ ಬಳಸಬಲ್ಲ ಹದಿನಾಲ್ಕರ ಮಕ್ಕಳಲ್ಲಿ ಸ್ವಂತ ಫೋನ್ ಇರುವುದು ಶೇ 27ರಷ್ಟು ಮಂದಿಗೆ ಮಾತ್ರ. ಮನೆಮಂದಿಯೆಲ್ಲ ಹಂಚಿಕೊಳ್ಳುವ ಫೋನಿಗೆ ಒಬ್ಬರ ವಯಸ್ಸಿನ ಬೀಗ ಕೂರುವುದಿಲ್ಲ.

ಈ ಸೀಮೆಗೆ ಇದಕ್ಕಿಂತ ಹತ್ತಿರದ ಉದಾಹರಣೆಯೊಂದಿದೆ. ಹುಣಸೂರು, ಪಿರಿಯಾಪಟ್ಟಣ ಹೊಗೆಸೊಪ್ಪಿನ ಸೀಮೆ. ಚಟ ಹುಟ್ಟಿಸುವ ಸರಕನ್ನು ಕಾನೂನು ಹೇಗೆ ಹಿಡಿಯುತ್ತದೆ ಎಂಬುದು ಇಲ್ಲಿನವರಿಗೆ ಹೊಸದಲ್ಲ. 2003ರ ತಂಬಾಕು ನಿಯಂತ್ರಣ ಕಾಯ್ದೆ ಹದಿನೆಂಟರ ಒಳಗಿನವರಿಗೆ ಸಿಗರೇಟು ಮಾರುವ ಅಂಗಡಿಯವನನ್ನು ಹಿಡಿಯಿತು, ಶಾಲೆಯಿಂದ ನೂರು ಗಜದೊಳಗೆ ಮಾರಾಟ ನಿಲ್ಲಿಸಿತು, ಪೊಟ್ಟಣದ ಮೇಲೆ ಎಚ್ಚರಿಕೆ ಅಚ್ಚು ಹಾಕಿಸಿತು. ಹುಡುಗನನ್ನು ಅಪರಾಧಿ ಮಾಡಲಿಲ್ಲ. ಫೋನಿನ ವಿಷಯದಲ್ಲೂ ಕೈ ಹೋಗಬೇಕಾದ್ದು ಮಾರುವವನ ಕಡೆಗೇ. ಒಂದು ವಿಡಿಯೊ ಮುಗಿಯುತ್ತಿದ್ದಂತೆ ಇನ್ನೊಂದನ್ನು ತಾನಾಗಿ ಓಡಿಸುವುದು, ನಡುರಾತ್ರಿ ನೋಟಿಫಿಕೇಶನ್ ಕಳಿಸುವುದು, ಮಗು ಎಲ್ಲಿ ಎಷ್ಟು ಹೊತ್ತು ಕಣ್ಣು ನೆಟ್ಟಿತೆಂದು ಲೆಕ್ಕ ಇಡುವುದು: ಇವೆಲ್ಲ ಯಾರೋ ಕೂತು ಯೋಚಿಸಿ ಕಟ್ಟಿದ ವ್ಯವಸ್ಥೆಗಳು, ಆದ್ದರಿಂದ ಬಿಚ್ಚಲೂ ಆಗುವಂಥವು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ 9ನೇ ಕಲಂ, ಹದಿನೆಂಟು ತುಂಬದವರ ನಡವಳಿಕೆಯ ಮೇಲೆ ಕಣ್ಣಿಡುವುದನ್ನೂ ಅವರನ್ನೇ ಗುರಿಯಾಗಿಸಿದ ಜಾಹೀರಾತನ್ನೂ ಬೇಡವೆನ್ನುತ್ತದೆ. ಮೊದಲು ಆ ಒಂದು ಕಲಂ ಗಟ್ಟಿಯಾಗಿ ಜಾರಿಯಾಗಲಿ.

ಅಪ್ಪ ಅಮ್ಮ ಗದರಿಸಿ ಫೋನ್ ಕಿತ್ತಿಟ್ಟರೆ ಸಾಲದೇ ಎನ್ನುವವರಿದ್ದಾರೆ. ಹೊಗೆಸೊಪ್ಪು ಹದ ಮಾಡುವ ತಿಂಗಳುಗಳಲ್ಲಿ ಬ್ಯಾರನ್ನಿನ ಬೆಂಕಿ ಕಾಯುತ್ತ ರಾತ್ರಿ ಕಳೆಯುವ ದಂಪತಿಗೆ ಈ ಮಾತು ಹೇಳುವುದು ಅನ್ಯಾಯ. ಇನ್ನು, ಫೋನಿನಿಂದಲೇ ಮಕ್ಕಳ ಮನಸ್ಸು ಕೆಡುತ್ತದೆ ಎಂಬುದಕ್ಕೆ ಪುರಾವೆ ಎಲ್ಲಿ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 2019ರಲ್ಲಿ ಸಂಶೋಧಕರಾದ ಆರ್ಬೆನ್ ಮತ್ತು ಪ್ರಿಬಿಲ್ಸ್ಕಿ ಪ್ರಕಟಿಸಿದ ಅಧ್ಯಯನದಲ್ಲಿ, ಹದಿಹರೆಯದವರ ನೆಮ್ಮದಿಯ ಏರುಪೇರಿನಲ್ಲಿ ಡಿಜಿಟಲ್ ಬಳಕೆಯ ಪಾಲು ಶೇ 0.4 ದಾಟಲಿಲ್ಲ. ಆದರೆ ಸರಾಸರಿಯ ಅಡಿಯಲ್ಲಿ ಮುಳುಗಿದ ಮಗು ಕಾಣುವುದಿಲ್ಲ. ನಿದ್ದೆ, ಊಟ, ಶಾಲೆ ಮೂರನ್ನೂ ವಿಡಿಯೊ ಆಟಕ್ಕೆ ಬಿಟ್ಟುಕೊಟ್ಟ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಗೆ ಸೇರಿಸಿದೆ; ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇಂಥ ಚಟಗಳ ಚಿಕಿತ್ಸೆಗೆ ಶಟ್ ಕ್ಲಿನಿಕ್ ತೆರೆಯಿತು.

ನನ್ನ ತಕರಾರು ಇಲ್ಲಿಯೇ. ಆ ಕ್ಲಿನಿಕ್ ಬೆಂಗಳೂರಿನಲ್ಲಿದೆ, ಮಗು ಎಚ್.ಡಿ.ಕೋಟೆಯ ಅಂತರಸಂತೆಯಲ್ಲಿದೆ. ನಿಮ್ಹಾನ್ಸ್ ಮುಂದಾಳತ್ವದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17ರ ವಯಸ್ಸಿನ ಶೇ 7.3ರಷ್ಟು ಮಕ್ಕಳಿಗೆ ಮಾನಸಿಕ ತೊಂದರೆ ಕಂಡುಬಂದಿತ್ತು. ಅಂದರೆ ನಲವತ್ತು ಮಕ್ಕಳ ತರಗತಿಯಲ್ಲಿ ಮೂವರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಕನ್ನಡದಲ್ಲೂ ಮಾತಾಡುತ್ತದೆ, ಒಳ್ಳೆಯದೇ. ಆದರೆ ಕರೆ ಮಾಡಲು ಬೇಕಾದ ಫೋನೇ ಮನೆಯ ಜಗಳದ ವಸ್ತುವಾಗಿರುವಾಗ ಆ ಮಗು ಯಾರೆದುರು ಕೂತು ಮಾತಾಡಬೇಕು? ಹಾಡಿಯಿಂದ ಬಂದು ಆಶ್ರಮ ಶಾಲೆಯಲ್ಲಿರುವ ಜೇನುಕುರುಬರ ಹುಡುಗನಿಗೆ ಮನೆಯ ಧ್ವನಿ ಕೇಳಿಸುವುದೇ ಫೋನಿನಲ್ಲಿ. ಅವನಿಗೆ ನಿಷೇಧ ಯಾವ ಆಸರೆಯನ್ನೂ ಕೊಡುವುದಿಲ್ಲ. ತಾಲ್ಲೂಕು ಆಸ್ಪತ್ರೆಗೊಬ್ಬ ಆಪ್ತಸಮಾಲೋಚಕ, ವಾರಕ್ಕೊಮ್ಮೆ ಪ್ರೌಢಶಾಲೆಗೂ ಹಾಸ್ಟೆಲ್‌ಗೂ ಅವರ ಭೇಟಿ: ನಿಷೇಧದ ಮಸೂದೆ ಬರೆಯುವವರು ಮೊದಲು ಈ ಹುದ್ದೆಗಳಿಗೆ ಹಣ ತೆಗೆದಿಡಲಿ.