ಅರ್ಜಿಯಲ್ಲಿ ಬರೆಯಲಾಗದ ಕಾರಣ



ಧಾರವಾಡದ ನಮ್ಮ ಮನೆಯ ಅಂಗಳದಲ್ಲಿ ತಂದೆಯವರು ನೆಟ್ಟ ಬೇವಿನ ಮರವಿದೆ. ಹೋದ ವರ್ಷ ಮೇಲಂತಸ್ತು ಕಟ್ಟಿಸುವಾಗ ವಾಸ್ತು ಹೇಳುವವರೊಬ್ಬರು, ಬಾಗಿಲಿಗೆ ಎದುರಾಗಿ ಮರವಿದ್ದರೆ ಮನೆಗೆ ಏಳಿಗೆಯಿಲ್ಲ ಎಂದರು. ಕೊರಳಲ್ಲಿ ಇಷ್ಟಲಿಂಗವಿದ್ದೂ ನಾನು ಆ ಮಾತಿಗೆ ಅಂಜಿದೆ. ನಾಚಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಕಡಿಯಲು ಅನುಮತಿ ಬೇಕೆಂದು ತಿಳಿದಾಗ ಮಗ, “ಜಾಗಾ ನಮ್ದು, ಗಿಡಾ ನಮ್ದು. ಮಂದೀನ್ನ ಯಾಕ ಕೇಳ್ಬೇಕಪ್ಪಾ?” ಎಂದ. ಕಟ್ಟಡದ ಗುತ್ತಿಗೆದಾರ, “ರವಿವಾರ ಕಚೇರಿ ಇರಂಗಿಲ್ರೀ, ಅವತ್ತ ಮುಗಿಸಿಬಿಡೂಣು” ಎಂದ. ಕದ್ದು ಮಾಡುವುದು ಬೇಡವೆಂದು ನಾನು ಅರ್ಜಿ ಬರೆಯಲು ಕುಳಿತೆ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, ನಗರದಲ್ಲಿ ಸ್ವಂತ ಹಿತ್ತಲಿನ ಮರ ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿಯಿದೆ; ಬೇವಿಗಿಲ್ಲ. ಮರ ಸತ್ತಿದ್ದರೆ, ರೋಗ ಹತ್ತಿದ್ದರೆ, ಗಾಳಿಗೆ ಬಿದ್ದಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯವಿದ್ದರೆ ಕಾಯ್ದೆ ಅದನ್ನು ಸರಿಯಾದ ಕಾರಣವೆಂದು ಒಪ್ಪುತ್ತದೆ. ಕಡಿದವರು ಬದಲಿಗೆ ಸಸಿ ನೆಡಬೇಕು. ನನ್ನ ಮರ ಗಟ್ಟಿಯಾಗಿತ್ತು. ‘ಕಾರಣ’ ಎಂದು ಬರೆದು ಪೆನ್ನು ನಿಂತಿತು. ವಾಸ್ತು ಎಂದು ಬರೆಯಲು ಕೈ ಬರಲಿಲ್ಲ. ರೋಗವಿದೆ ಎಂದು ಬರೆದರೆ ಸುಳ್ಳು.

ಪಂಚಾಂಗ, ಶಕುನ, ಮುಹೂರ್ತಗಳನ್ನು ಶರಣರು ಕೈಬಿಟ್ಟು ಎಂಟುನೂರು ವರ್ಷ ದಾಟಿತು. ಅವರು ಮರ ಸುತ್ತುವುದನ್ನೂ ಒಪ್ಪಲಿಲ್ಲ. ಅದನ್ನೇ ಹಿಡಿದು ನಮ್ಮಲ್ಲಿ ಕೆಲವರು, ಮರದಲ್ಲಿ ದೇವರಿಲ್ಲವೆಂದ ಮೇಲೆ ಕಡಿದರೇನು ಎನ್ನುತ್ತಾರೆ. ಪೂಜೆ ಬೇಡ ಎಂದದ್ದು ಮರ ಬೇಡ ಎಂದಂತಲ್ಲ. ದಾರಿಹೋಕನಿಗೆ, ಹಕ್ಕಿಗೆ ನೆರಳು ಕೊಡುವ ಮರ ದಾಸೋಹವನ್ನೇ ಮಾಡುತ್ತಿದೆ. ಜಾಗ ನನ್ನದಿರಬಹುದು, ಆ ನೆರಳು ನನ್ನೊಬ್ಬನದಲ್ಲ.

ಕಾಯ್ದೆಯೊಂದೇ ಸಾಕು ಎಂದೂ ನಾನು ಹೇಳುವುದಿಲ್ಲ. ಸ್ವಂತ ಹೊಲದ ಶ್ರೀಗಂಧವೂ ಸರಕಾರದ್ದೇ ಎಂಬ ನಿಯಮ 2001ರವರೆಗೂ ಇತ್ತು. ತನ್ನದಾಗದ ಮರವನ್ನು ರೈತ ಏಕೆ ಬೆಳೆಸಿಯಾನು? ನಿಜವಾದ ಕಷ್ಟವಿರುವ ಬಡವನನ್ನು ಕಚೇರಿಗೆ ಅಲೆದಾಡಿಸಿದರೆ, ಅವನು ಕದ್ದು ಕಡಿಯುವುದನ್ನೇ ಕಲಿಯುತ್ತಾನೆ.

ಆದ್ದರಿಂದ ಮಠಗಳಲ್ಲಿ ನನ್ನದೊಂದು ಬಿನ್ನಹ. ಭಕ್ತರಿಗೆ ಈ ಕಾಯ್ದೆಯನ್ನು ಅನುಭಾವ ಗೋಷ್ಠಿಯಲ್ಲಿ ತಿಳಿಸಿರಿ. ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡಿರಿ. ಮಠವೇ ಕಲ್ಯಾಣ ಮಂಟಪಕ್ಕಾಗಿ ಮರ ತೆಗೆಯಬೇಕಾಗಿ ಬಂದರೆ, ಅದರ ಕಾರಣವನ್ನು ಮೊದಲು ಭಕ್ತರ ಮುಂದೆ ಓದಿ ಹೇಳಿರಿ. ಹತ್ತು ಜನರ ಮುಂದೆ ಓದಲಾಗದ ಕಾರಣಕ್ಕೆ ಕೊಡಲಿ ಎತ್ತುವುದು ಬೇಡ.

ನಾನು ಅರ್ಜಿ ಹರಿದುಹಾಕಿದೆ. ಬೇವು ಇದ್ದಲ್ಲೇ ಇದೆ. ಮಗ ಈಗ ಕಾರನ್ನು ಅದರ ಕೆಳಗೇ ನಿಲ್ಲಿಸುತ್ತಾನೆ.