ಮುಚ್ಚಿಹೋದ ಕಡಲಿನ ಸಾಕ್ಷಿ

ಮಂಗಳೂರಿನ ಬಿಜೈಯಿಂದ ಪಶ್ಚಿಮಕ್ಕೆ ಹೊರಟರೆ ಕೆಲವೇ ಕಿಲೋಮೀಟರುಗಳಲ್ಲಿ ಕಡಲು. ಅಲ್ಲಿನ ಮಕ್ಕಳಿಗೆ ಕಡಲೆಂದರೆ ಎಂದೆಂದಿಗೂ ಇರುವಂಥದು. ಆದರೆ ಸಾಗರಗಳೂ ಹುಟ್ಟುತ್ತವೆ, ಹಿಗ್ಗುತ್ತವೆ, ಕೊನೆಗೆ ಮುಚ್ಚಿಹೋಗುತ್ತವೆ. ಅದು ಹೇಗೆ?

ಸಾಗರತಳದ ಶಿಲೆ ಹುಟ್ಟುವಾಗ ಬಿಸಿಯಾಗಿರುತ್ತದೆ. ವಯಸ್ಸಾದಂತೆ ತಣಿದು ಭಾರವಾಗುತ್ತದೆ. ಕೊನೆಗೆ ಅದು ಪಕ್ಕದ ಭೂಫಲಕದ ಅಡಿಗೆ ನುಸುಳಿ, ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಆಳಕ್ಕಿಳಿಯುತ್ತದೆ. ಇದೇ 'ಸಬ್‌ಡಕ್ಷನ್'. ಸುಮಾರು 100 ಕಿಲೋಮೀಟರ್ ಆಳ ತಲುಪುವ ಹೊತ್ತಿಗೆ ಅದರ ಖನಿಜಗಳಲ್ಲಿದ್ದ ನೀರು ಹೊರಬಂದು ಮೇಲಿನ ಬಿಸಿ ಶಿಲೆಯನ್ನು ಸೇರುತ್ತದೆ. ನೀರು ಸೇರಿದ ಶಿಲೆ ಕಡಿಮೆ ಉಷ್ಣತೆಯಲ್ಲೇ ಕರಗುತ್ತದೆ. ಆ ಶಿಲಾಪಾಕ ಮೇಲೇರಿ ಜ್ವಾಲಾಮುಖಿಗಳ ಕಮಾನಿನಾಕಾರದ ಸಾಲನ್ನು ಕಟ್ಟುತ್ತದೆ. ಅಂಡಮಾನಿನ ಬ್ಯಾರನ್ ದ್ವೀಪ ಇಂಥ ಸಾಲಿನದು. ಅದೇ ಫಲಕಗಡಿ ಸುಮಾತ್ರದ ಬಳಿ ಸರಕ್ಕನೆ ಜಾರಿದ್ದರಿಂದಲೇ 2004ರ ಡಿಸೆಂಬರ್ 26ರಂದು ಸುನಾಮಿ ಎದ್ದಿತು.

ಸಾಗರತಳವೆಲ್ಲ ಹೀಗೆ ಇಳಿದು ಮುಗಿದರೆ ಎರಡು ದಡಗಳೇ ಒಂದಕ್ಕೊಂದು ತಾಗುತ್ತವೆ. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತ ಏಷ್ಯಕ್ಕೆ ತಾಗಿ, ಟೆಥಿಸ್ ಸಾಗರ ಮುಚ್ಚಿ, ಹಿಮಾಲಯ ಏಳತೊಡಗಿದ್ದು ಹೀಗೆಯೇ.

ಇದಕ್ಕಿಂತ ಬಹಳ ಹಳೆಯ ಕಥೆಯೊಂದು ಕರ್ನಾಟಕದಲ್ಲೇ ಇದೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಬಂಡೆಗಳಿವೆ. ವಯಸ್ಸು ಸುಮಾರು 250 ಕೋಟಿ ವರ್ಷ ಅಥವಾ ಅದಕ್ಕೂ ಹೆಚ್ಚು. ಲಾವಾರಸ ನೀರಿನಡಿ ಉಕ್ಕಿ, ಹೊರಮೈ ತಟ್ಟನೆ ತಣಿದಾಗ ಈ ಆಕಾರ ಬರುತ್ತದೆ. ಅಂದರೆ, ಇಂದಿನ ಆ ಒಣನೆಲ ಒಂದು ಕಾಲಕ್ಕೆ ನೀರಿನ ತಳ!

ಆದರೆ ಆ ನೀರು ಸರಿದದ್ದು ಹೇಗೆಂದು ದಿಂಬುಗಳು ಹೇಳುವುದಿಲ್ಲ. ಅದಕ್ಕೆ ಬೇರೆ ಸಾಕ್ಷಿ ಬೇಕು. ಕೋಲಾರದ ಚಿನ್ನದ ಶಿಲಾಪಟ್ಟಿಯ ಎರಡು ಬದಿಯ ಬಂಡೆಗಳನ್ನು ವಿ. ರಾಜಾಮಣಿ ಮತ್ತು ಸಂಗಡಿಗರು ಪರೀಕ್ಷಿಸಿದಾಗ ಅವುಗಳ ಇತಿಹಾಸವೇ ಬೇರೆಬೇರೆಯಾಗಿತ್ತು. ಬೇರೆಬೇರೆ ಇದ್ದ ತುಣುಕುಗಳು ಸುಮಾರು 250 ಕೋಟಿ ವರ್ಷಗಳ ಹಿಂದೆ ಸೇರಿಕೊಂಡವು, ಆಗಲೇ ಫಲಕಗಳು ಚಲಿಸುತ್ತಿದ್ದವು ಎಂದು ಅವರು 1989ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವಾದಿಸಿದರು.

ಎಲ್ಲರೂ ಒಪ್ಪಿಲ್ಲ. ಆಗ ಭೂಮಿಯ ಒಡಲು ಇನ್ನೂ ಬಿಸಿಯಾಗಿತ್ತು. ಫಲಕಗಳು ಇಂದಿನಂತೆ ಮುಳುಗುತ್ತಿರಲಿಲ್ಲ, ಆಳದಿಂದ ಉಕ್ಕಿದ ಶಿಲಾಪಾಕವೇ ಈ ಪಟ್ಟಿಗಳನ್ನು ಕಟ್ಟಿರಬಹುದು ಎನ್ನುವವರೂ ಇದ್ದಾರೆ.

ಈ ವ್ಯಾಜ್ಯ ತೀರಬೇಕಾದರೆ ಸಾಕ್ಷಿ ಉಳಿದಿರಬೇಕು. ಮರಡಿಹಳ್ಳಿಯ ಬಂಡೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿಗೆ ಮಕ್ಕಳನ್ನು ಕರೆದೊಯ್ಯುವ ಪೋಷಕರು ಸುತ್ತಿಗೆಯನ್ನು ಮನೆಯಲ್ಲೇ ಬಿಟ್ಟು, ಚಿತ್ರ ಬರೆಯಲು ಒಂದು ನೋಟ್ ಪುಸ್ತಕ ಕೊಂಡೊಯ್ದರೆ ಸಾಕು. ಒಡೆದ ದಿಂಬನ್ನು ಮತ್ತೆ ಹೊಲಿಯಲಾಗದು.