ಮಗ್ಗಿ ನೋಡಿ ಲೆಕ್ಕ ಮಾಡಿದ ಯಂತ್ರ

ಮನೆಯ ಹುಡುಗನೋ ಹುಡುಗಿಯೋ ಕಾಲೇಜಿನ ಮೊದಲ ವರ್ಷಕ್ಕೆ ಸೇರಿ, ಮನೆಗೆ ತಂದ ಪಾಠಪಟ್ಟಿಯಲ್ಲಿ ‘ಗಣಕಯಂತ್ರ ಪರಿಚಯ’ವೆಂಬ ವಿಷಯವನ್ನು ಕಂಡೊಡನೆ ಹಿರಿಯರಿಗೆ ಸೋಜಿಗವಾಗುವುದುಂಟು. ಅಂಗೈಯಲ್ಲಿ ಫೋನು ಹಿಡಿದೇ ಬೆಳೆದ ಮಕ್ಕಳಿಗೆ ಗಣಕಯಂತ್ರವನ್ನು ಪರಿಚಯ ಮಾಡಿಕೊಡಬೇಕೆ? ವಾಣಿಜ್ಯವನ್ನೋ ಚರಿತ್ರೆಯನ್ನೋ ಓದಲು ಹೊರಟವರಿಗೆ ಅದರ ಒಳಗುಟ್ಟೇಕೆ? ಪ್ರಶ್ನೆ ಸಹಜವಾದುದೇ. ಆದರೆ ಬಳಸುವುದು ಬೇರೆ, ಬಲ್ಲೆವೆನ್ನುವುದು ಬೇರೆ. ಗಡಿಯಾರ ನೋಡಿ ವೇಳೆ ಹೇಳುವವರೆಲ್ಲರೂ ಅದು ತಪ್ಪು ವೇಳೆ ತೋರಿಸಿದಾಗ ಕಂಡುಹಿಡಿಯಲಾರರು. ಈ ಭೇದವನ್ನು ಭಾರತದ ವಿದ್ಯಾರ್ಥಿಗಳಿಗೆ ಮೊದಮೊದಲು ಕಲಿಸಿದ ಒಂದು ಯಂತ್ರದ ಕಥೆ ಇಂದಿಗೂ ಕೇಳತಕ್ಕದ್ದಾಗಿದೆ.

ಕಾನಪುರದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಸ್ಥಾಪನೆಯಾದುದು 1959ರಲ್ಲಿ. ಆರಂಭದಲ್ಲಿ ಅದಕ್ಕೆ ಸ್ವಂತ ಕಟ್ಟಡವೂ ಇರಲಿಲ್ಲ. ಊರಿನ ಮತ್ತೊಂದು ತಾಂತ್ರಿಕ ವಿದ್ಯಾಲಯದ ಆಶ್ರಯದಲ್ಲಿ ತರಗತಿಗಳು ನಡೆಯುತ್ತಿದ್ದವು. ಮೊದಲ ನಿರ್ದೇಶಕರಾದ ಪಿ. ಕೆ. ಕೇಳ್ಕರರ ಕಾಲದಲ್ಲಿ ಅಮೆರಿಕದ ಒಂಬತ್ತು ವಿದ್ಯಾಸಂಸ್ಥೆಗಳು ಕೂಡಿ ಹತ್ತು ವರ್ಷಗಳ ಕಾಲ ಇದರ ನೆರವಿಗೆ ನಿಂತವು. ಆ ನೆರವಿನ ಫಲವಾಗಿ 1963ರಲ್ಲಿ ಐಬಿಎಂ 1620 ಎಂಬ ಗಣಕಯಂತ್ರವು ಕಾನಪುರವನ್ನು ಸೇರಿತು. ಅದನ್ನು ನೆಲೆಗೊಳಿಸಲು ಬಂದ ತಜ್ಞರಲ್ಲಿ ಪ್ರಮುಖರು ಹ್ಯಾರಿ ಹಸ್ಕಿ. ಇವರು ಎನಿಯಾಕ್ ಯಂತ್ರದ ನಿರ್ಮಾಣದಲ್ಲಿ ದುಡಿದವರು. 1947ರಲ್ಲಿ ಇಂಗ್ಲೆಂಡಿನಲ್ಲಿ ಅಲನ್ ಟ್ಯೂರಿಂಗರ ಯಂತ್ರಯೋಜನೆಯಲ್ಲಿ ಭಾಗಿಯಾದವರು. ಅವರೊಡನೆ ಕಾರ್ಯಕ್ಕೆ ನಿಂತ ತರುಣ ಅಧ್ಯಾಪಕರಲ್ಲಿ ಒಬ್ಬರು ವಿ. ರಾಜಾರಾಮನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಅಮೆರಿಕದಲ್ಲಿ ಡಾಕ್ಟರೇಟ್ ಪಡೆದು, ಅದೇ 1963ರಲ್ಲಿ ಅವರು ಕಾನಪುರಕ್ಕೆ ಬಂದಿದ್ದರು.

ಈ 1620ರ ಸ್ವಭಾವವೊಂದು ಬಲು ವಿನೋದವಾದುದು. ಅದಕ್ಕೆ ಕೂಡುವುದು ತಿಳಿಯದು! ಏಳಕ್ಕೆ ಐದನ್ನು ಕೂಡಬೇಕಾದರೆ ಅದು ತನ್ನ ಸ್ಮೃತಿಕೋಶದಲ್ಲಿ ಬರೆದಿಟ್ಟ ಒಂದು ಮಗ್ಗಿಯನ್ನು ತೆರೆದು ನೋಡುತ್ತಿತ್ತು. ಸ್ಮೃತಿಯ ಪ್ರತಿಯೊಂದು ಕೋಣೆಗೂ ಮನೆಯ ನಂಬರಿನಂತೆ ಒಂದೊಂದು ಸಂಖ್ಯೆ. 00375ನೆಯ ಕೋಣೆಯನ್ನು ನೋಡಿದರೆ ಅಲ್ಲಿ 2 ಎಂದೂ, ದಶಕ ಒಂದೆಂಬುದಕ್ಕೆ ಒಂದು ಗುರುತೂ ಇರುತ್ತಿತ್ತು, ಎಂದರೆ ಹನ್ನೆರಡು. ಕೂಡುವ ಮಗ್ಗಿಗೆ ನೂರು ಕೋಣೆ, ಗುಣಿಸುವ ಮಗ್ಗಿಗೆ ಇನ್ನೂರು ಕೋಣೆ. ಚಿಕ್ಕ ಮಕ್ಕಳು ಪುಸ್ತಕದ ಹಿಂಬದಿಯ ಮಗ್ಗಿ ನೋಡಿ ಲೆಕ್ಕ ಮಾಡುವಂತೆಯೇ ಈ ಮಹಾಯಂತ್ರವೂ ಮಾಡುತ್ತಿತ್ತು. ‘ಕೂಡಲು ಬಾರದು, ಯತ್ನಿಸುವುದೂ ಇಲ್ಲ’ ಎಂದು ಅದನ್ನು ಬಳಸುವವರೇ ಹಾಸ್ಯ ಮಾಡುತ್ತಿದ್ದರು.

ಹಾಸ್ಯದ ಹಿಂದೆ ಒಂದು ಪಾಠವೂ ಅಡಗಿತ್ತು. ಆ ಮಗ್ಗಿಯೂ, ವಿದ್ಯಾರ್ಥಿ ಕೊಟ್ಟ ಅಂಕಿಗಳೂ, ಯಂತ್ರ ನಡೆಸಬೇಕಾದ ಆದೇಶಗಳೂ ಒಂದೇ ಸ್ಮೃತಿಯಲ್ಲಿ ಅಕ್ಕಪಕ್ಕದಲ್ಲಿ ವಾಸವಾಗಿದ್ದವು. ತಪ್ಪು ಆದೇಶವೊಂದು ಮಗ್ಗಿಯ ಮೇಲೆಯೇ ಬೇರೆ ಅಂಕಿಯನ್ನು ಬರೆದುಬಿಟ್ಟರೆ, ಅನಂತರ ಮಾಡಿದ ಲೆಕ್ಕ ಕೆಡುತ್ತಿತ್ತು. ಯಂತ್ರ ನಿಲ್ಲುತ್ತಿರಲಿಲ್ಲ, ಸಂಶಯಪಡುತ್ತಿರಲಿಲ್ಲ. ಸರಿಯುತ್ತರ ಕೊಟ್ಟಷ್ಟೇ ಗಾಂಭೀರ್ಯದಿಂದ ತಪ್ಪುತ್ತರವನ್ನೂ ಕೊಡುತ್ತಿತ್ತು. ಗಣಕಯಂತ್ರವನ್ನು ಕುರಿತು ಹೊಸ ವಿದ್ಯಾರ್ಥಿ ತಿಳಿಯಬೇಕಾದ ಮೊದಲ ಮಾತೇ ಇದು. ಅದಕ್ಕೆ ಬುದ್ಧಿಯಿಲ್ಲ, ವಿಧೇಯತೆಯುಂಟು.

ಯಂತ್ರದ ಅಂಗಗಳು ನಾಲ್ಕೇ. ಹೊರಗಿನಿಂದ ಅಂಕಿ ಆದೇಶಗಳನ್ನು ಒಳಗೆ ಕೊಳ್ಳುವ ಬಾಗಿಲು, ಅವನ್ನು ಇರಿಸಿಕೊಳ್ಳುವ ಸ್ಮೃತಿ, ಆದೇಶದಂತೆ ಲೆಕ್ಕ ನಡೆಸುವ ಭಾಗ, ಫಲವನ್ನು ಹೊರಗೆ ಕೊಡುವ ಬಾಗಿಲು. ಅಂದು ಒಳಬಾಗಿಲಿಗೆ ಎಂಬತ್ತು ಕಂಬಸಾಲುಗಳ ತೂತಿನ ಕಾರ್ಡುಗಳು; ಇಂದು ಗಾಜಿನ ಮೇಲೆ ಆಡುವ ಬೆರಳು. ಅಂದಿನ ಸ್ಮೃತಿ ಇಪ್ಪತ್ತು ಸಾವಿರ ಅಂಕಿಗಳು, ಹೆಚ್ಚೆಂದರೆ ಅರವತ್ತು ಸಾವಿರ. ಇಂದು ಫೋನಿನಲ್ಲಿ ತೆಗೆದ ಒಂದು ಸಾಧಾರಣ ಭಾವಚಿತ್ರವೂ ಅದರಲ್ಲಿ ಹಿಡಿಸದು. ಗಾತ್ರ ಬದಲಾಗಿದೆ, ವೇಗ ಬದಲಾಗಿದೆ. ನಾಲ್ಕು ಅಂಗಗಳು ಬದಲಾಗಿಲ್ಲ.

ಯಂತ್ರದೊಡನೆ ಮಾತನಾಡಲು ಕಾನಪುರದ ವಿದ್ಯಾರ್ಥಿಗಳು ಕಲಿತ ಭಾಷೆ ಫೋರ್ಟ್ರಾನ್. 1957ರಲ್ಲಿ ಜಾನ್ ಬ್ಯಾಕಸರ ತಂಡ ಹೊರತಂದ ಈ ಭಾಷೆಯಲ್ಲಿ ಬೀಜಗಣಿತದ ಸೂತ್ರಗಳನ್ನು ಹೆಚ್ಚುಕಡಿಮೆ ಇದ್ದಂತೆಯೇ ಬರೆಯಬಹುದಾಗಿತ್ತು. ಆದರೆ ಹೊಸಬರನ್ನು ಎಡವಿಸುವ ಕಲ್ಲುಗಳೂ ಅದರಲ್ಲಿದ್ದವು. ವಿದ್ಯಾರ್ಥಿಯೊಬ್ಬನಿಗೆ ಮೂರು ಪರೀಕ್ಷೆಗಳಲ್ಲಿ ಒಟ್ಟು 104 ಅಂಕಗಳು ಬಂದಿವೆಯೆಂದಿಟ್ಟುಕೊಳ್ಳಬಹುದು. ಸರಾಸರಿ ಮೂವತ್ತನಾಲ್ಕೂ ಮೂರರಲ್ಲಿ ಎರಡು ಪಾಲು. ಹತ್ತಿರದ ಪೂರ್ಣಾಂಕಕ್ಕೆ ಏರಿಸಿದರೆ 35, ತೇರ್ಗಡೆ. ಆದರೆ ಫೋರ್ಟ್ರಾನಿನಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಉಳಿದ ಚೂರು ಕಸಕ್ಕೆ ಹೋಗುತ್ತದೆ. ಯಂತ್ರ ಹೇಳುವುದು 34, ಹುಡುಗ ನಪಾಸು. ತಪ್ಪು ಯಂತ್ರದ್ದೆ? ಅಲ್ಲ. ಚೂರನ್ನು ಏನು ಮಾಡಬೇಕೆಂದು ಮನುಷ್ಯ ಯೋಚಿಸಲಿಲ್ಲ, ಅಷ್ಟೆ. ಆದರೆ ವರುಷ ಕಳೆದುಕೊಂಡವನು ಆ ಹುಡುಗ, ತಲೆ ತಗ್ಗಿಸಿ ಮನೆಗೆ ಬಂದವನೂ ಅವನೇ. ‘ಯಂತ್ರವೇ ಹೇಳಿತು’ ಎಂಬ ಮಾತು ಎಷ್ಟು ಪೊಳ್ಳೆಂಬುದನ್ನು ಇಷ್ಟು ಸಣ್ಣ ಲೆಕ್ಕವೇ ತೋರಿಸಬಲ್ಲುದು.

ಇದನ್ನು ಪುಸ್ತಕದಿಂದ ಮಾತ್ರ ಕಲಿಯಲು ಬರುವಂತಿರಲಿಲ್ಲ. ಬೆಲೆಬಾಳುವ ಯಂತ್ರವನ್ನು ಬೀಗದ ಒಳಗಿಟ್ಟು, ಕಾರ್ಡುಗಳನ್ನು ಕಿಂಡಿಯಲ್ಲಿ ಸ್ವೀಕರಿಸಿ, ಉತ್ತರವನ್ನು ಕಿಂಡಿಯಿಂದಲೇ ನೀಡುವುದು ಆ ಕಾಲದ ಅನೇಕ ಕೇಂದ್ರಗಳ ಪದ್ಧತಿ. ಕಾನಪುರದಲ್ಲಿ ವಿದ್ಯಾರ್ಥಿಗಳನ್ನೇ ಯಂತ್ರದ ಬಳಿಗೆ ಬಿಟ್ಟರು. ತಮ್ಮ ಕಾರ್ಡುಗಳನ್ನು ತಾವೇ ಹಾಕಿ, ತಮ್ಮ ತಪ್ಪನ್ನು ತಾವೇ ಕಂಡು, ತಾವೇ ತಿದ್ದಿಕೊಳ್ಳುವ ಅವಕಾಶ ಅವರಿಗೆ ದೊರೆಯಿತು. ಯಂತ್ರದ ಆಯುಸ್ಸಿಗಿಂತ ಕಲಿಯುವವರ ಅನುಭವ ದೊಡ್ಡದೆಂಬ ಈ ನಿರ್ಧಾರ ಸಾಮಾನ್ಯವಾದುದಲ್ಲ. 1966ರಲ್ಲಿ ಇನ್ನೂ ದೊಡ್ಡದಾದ ಐಬಿಎಂ 7044 ಬಂದಿತು. ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಕಾನಪುರಕ್ಕೆ ಹೋಗಿದ್ದ ಎನ್. ಆರ್. ನಾರಾಯಣಮೂರ್ತಿ, 1968ರ ಒಂದು ಭಾನುವಾರ ಉಪಾಹಾರದ ವೇಳೆ ಹೊರದೇಶದ ಗಣಕವಿಜ್ಞಾನಿಯೊಬ್ಬರ ಮಾತು ಕೇಳಿ, ಅಲ್ಲಿಂದ ನೇರವಾಗಿ ಗ್ರಂಥಾಲಯಕ್ಕೆ ನಡೆದು ನಾಲ್ಕೈದು ಪ್ರಬಂಧಗಳನ್ನೋದಿ, ತಮ್ಮ ಮುಂದಿನ ದಾರಿಯನ್ನು ನಿಶ್ಚಯಿಸಿಕೊಂಡುದಾಗಿ ಹೇಳಿಕೊಂಡಿದ್ದಾರೆ. ರಾಜಾರಾಮನ್ನರು ಪಾಠದ ಟಿಪ್ಪಣಿಗಳನ್ನು ಪುಸ್ತಕವಾಗಿಸಿದರು; ದೇಶದ ಸಾವಿರಾರು ವಿದ್ಯಾರ್ಥಿಗಳು ಗಣಕದ ಮೊದಲಕ್ಷರಗಳನ್ನು ತಿದ್ದಿದ್ದು ಅವರ ಪುಸ್ತಕಗಳಿಂದ. 1982ರಲ್ಲಿ ಅವರು ತಾವೋದಿದ ಬೆಂಗಳೂರಿನ ಸಂಸ್ಥೆಗೇ ಪ್ರಾಧ್ಯಾಪಕರಾಗಿ ಹಿಂದಿರುಗಿದರು.

ಒಂಟಿ ಯಂತ್ರದ ಮಾತು ಇಲ್ಲಿಗೆ ಮುಗಿಯಿತು. ‘ಮಾಹಿತಿ ವ್ಯವಸ್ಥೆ’ ಎಂಬುದು ಇದಕ್ಕಿಂತ ವಿಸ್ತಾರವಾದುದು. ಯಂತ್ರ, ಅದರೊಳಗಿನ ಆದೇಶಗಳು, ಸಂಗ್ರಹಿಸಿದ ವಿವರಗಳು, ಅವನ್ನು ತುಂಬುವ ಗುಮಾಸ್ತ, ನಿಯಮ ಮಾಡುವ ಅಧಿಕಾರಿ, ಎದುರಿಗೆ ನಿಂತ ಪ್ರಜೆ, ಇವೆಲ್ಲ ಕೂಡಿದರೆ ಒಂದು ವ್ಯವಸ್ಥೆ. ಕರ್ನಾಟಕದ ‘ಭೂಮಿ’ ಯೋಜನೆ ಇದಕ್ಕೆ ಮನೆಯಂಗಳದ ಉದಾಹರಣೆ. ಹಳ್ಳಿಯ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದ ಸುಮಾರು ಎರಡು ಕೋಟಿ ಪಹಣಿಗಳನ್ನು 2000ದ ಆಸುಪಾಸಿನಲ್ಲಿ ಗಣಕಕ್ಕೆ ಏರಿಸಲಾಯಿತು. ಸುಮಾರು ಅರವತ್ತೇಳು ಲಕ್ಷ ರೈತರ ಜಮೀನಿನ ಲೆಕ್ಕವದು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಹದಿನೈದು ರೂಪಾಯಿ ಕೊಟ್ಟರೆ ಆರಂಭದಲ್ಲಿ ಪಹಣಿಯ ಪ್ರತಿ ದೊರೆಯುತ್ತಿತ್ತು. ಲೆಕ್ಕಿಗನ ಮನೆಗೆ ಅಲೆಯುವ, ಅವನ ಮರ್ಜಿ ಕಾಯುವ ಕಷ್ಟ ಬಹುಮಟ್ಟಿಗೆ ತಪ್ಪಿತು.

ಆದರೆ ಇಲ್ಲಿಯೂ ಮಗ್ಗಿಯ ನ್ಯಾಯವೇ. ಹಳೆಯ ಪುಸ್ತಕದಲ್ಲಿದ್ದ ತಪ್ಪು, ಅಥವಾ ಏರಿಸುವಾಗ ಕೈತಪ್ಪಿದ ಒಂದಕ್ಷರ, ಅಚ್ಚುಕಟ್ಟಾದ ಮುದ್ರಣದಲ್ಲಿ ಹೊರಬಿದ್ದಾಗ ಸತ್ಯದಂತೆಯೇ ತೋರುತ್ತದೆ. ಎರಡು ಎಕರೆಯ ಒಡೆಯನಿಗೆ ಗುಂಟೆಯ ಅಂಕಿ ತಪ್ಪಿದರೆ ಬ್ಯಾಂಕಿನ ಸಾಲ ನಿಲ್ಲುತ್ತದೆ, ದಾಯಾದಿಗಳೊಡನೆ ವ್ಯಾಜ್ಯ ಬೆಳೆಯುತ್ತದೆ. ಇದನ್ನರಿತೇ ‘ಭೂಮಿ’ಯ ಕಿಂಡಿಗಳಲ್ಲಿ ರೈತನ ಕಡೆಗೆ ಮುಖಮಾಡಿದ ಮತ್ತೊಂದು ಪರದೆಯನ್ನಿರಿಸಲಾಯಿತು. ಗುಮಾಸ್ತ ಕಾಣುವುದನ್ನು ರೈತನೂ ಕಾಣಲೆಂಬುದು ಅದರ ಉದ್ದೇಶ. ಕಾನಪುರದಲ್ಲಿ ಯಂತ್ರದ ಬಾಗಿಲನ್ನು ವಿದ್ಯಾರ್ಥಿಗಳಿಗೆ ತೆರೆದ ಬುದ್ಧಿಯೇ ಇಲ್ಲಿ ಪರದೆಯನ್ನು ರೈತನ ಕಡೆಗೆ ತಿರುಗಿಸಿತೆನ್ನಬಹುದು.

ಹಾಗಾದರೆ ಚರಿತ್ರೆಯ ವಿದ್ಯಾರ್ಥಿನಿಗೆ ಗಣಕದ ಪಾಠವೇಕೆ? ನಾಳೆ ಅವಳು ಬ್ಯಾಂಕಿನಲ್ಲಿಯೋ ಆಸ್ಪತ್ರೆಯಲ್ಲಿಯೋ ಕಚೇರಿಯಲ್ಲಿಯೋ ಕುಳಿತಾಗ, ಎದುರಿಗೆ ನಿಂತ ವೃದ್ಧರೊಬ್ಬರು ‘ಇದು ತಪ್ಪಿದೆಯಮ್ಮಾ’ ಎಂದು ಹೇಳಿಯಾರು. ‘ಕಂಪ್ಯೂಟರಿನಲ್ಲಿ ಹೀಗೆಯೇ ಇದೆ’ ಎಂದು ಮುಖ ತಿರುಗಿಸುವುದು ಸುಲಭ. ಒಳಗೆ ಬರೆದದ್ದು ಯಾರು, ಯಾವ ನಿಯಮದಂತೆ ಲೆಕ್ಕ ನಡೆಯಿತು, ಚೂರು ಎಲ್ಲಿ ಹೋಯಿತು ಎಂದು ಹುಡುಕಲು ಬಲ್ಲವಳು ಮಾತ್ರ ಆ ವೃದ್ಧರನ್ನು ಕುಳಿತುಕೊಳ್ಳಲು ಹೇಳಿ, ಕಡತವನ್ನು ಮತ್ತೊಮ್ಮೆ ತೆರೆದು ನೋಡಿಯಾಳು. ಮೊದಲ ವರ್ಷದ ಆ ಸಣ್ಣ ಪಾಠದಿಂದ ಇಷ್ಟಾದರೂ ದೊರೆತರೆ, ಕಟ್ಟಿದ ಶುಲ್ಕ ವ್ಯರ್ಥವಾಗಲಿಲ್ಲವೆಂದು ಹಿರಿಯರು ನೆಮ್ಮದಿಯಿಂದ ಇರಬಹುದು.